ಟೆಸ್ಟೆಡ್ ಜರಿ

– ಚಿಕ್ಕಪೇಟೆಗೆ ಹೋಗಿ ಹನ್ನೆರಡರೊಳಗೆ ಬಂದ್ಬಿಡ್ತೀನಿ ಅಂದೋಳು ಮಧ್ಯಾಹ್ನ ಎರಡೂವರೆಗೆ ಆಂಧ್ರದಲ್ಲಿ ಏನಮ್ಮಾ ಮಾಡ್ತಿದ್ದೆ?

– ನಿಮ್ಮಪ್ಪ ಚಾಡಿ ಹೇಳಿದ್ರಾ?

– ಚಾಡಿ ಅಲ್ಲ. ‘ನಿಮ್ಮಮ್ಮ ರಾಜ್ಯ ಬಿಟ್ಟು ಹೋಗಿದಾಳೆ, ಹುಳಿ ಎಲ್ಲಿಟ್ಟಿದಾಳೆ ಗೊತ್ತಾ’ ಅಂತ ಮೆಸೇಜ್ ಹಾಕಿದ್ರು. ನಾನು ಪುಣೇಲಿ ಕೂತ್ಕೊಂಡು ನಿಮ್ಮ ಫ್ರಿಜ್ಜಿನಲ್ಲಿ ಹುಳಿ ಹುಡುಕಿಕೊಟ್ಟೆ.

– ಎರಡನೇ ಶೆಲ್ಫಿನಲ್ಲಿ, ಸ್ಟೀಲ್ ಡಬ್ಬೀಲಿತ್ತು. ಮದುವೆ ಆದಾಗಿನಿಂದ ಅಲ್ಲೇ ಇರತ್ತೆ. ಹೋಗ್ಲಿ ಬಿಡು. ನಾವೇನು ಹೊರಡಬೇಕು ಅಂತ ಹೊರಟಿದ್ದಲ್ಲ ಕಣೇ. ಒಂದು ಸೀರೆ ಕರ್ಕೊಂಡು ಹೋಯ್ತು.

– ಯಾವ ಸೀರೆ?

– ಗುಜರಿ ಸೀರೆ. 350 ರೂಪಾಯಿದು.

– ಅಮ್ಮಾ! ನೀನು ಥ್ರಿಫ್ಟ್ ಶಾಪಿಂಗ್ ಮಾಡಿದ್ಯಾ? ನಾನು ಇಲ್ಲಿ ಜೂನಾ ಬಜಾರಿನಿಂದ ಒಂದು ಜಾಕೆಟ್ ತಂದಾಗ ಬಾಗಿಲಲ್ಲೇ ನಿಲ್ಲಿಸಿ, ‘ಯಾರು ಹಾಕ್ಕೊಂಡಿದ್ದೋ, ಸತ್ತೋರದ್ದೋ ಏನೋ’ ಅಂತ ಬಿಸಿನೀರಲ್ಲಿ ಅದ್ದಿದೋಳು ನೀನೇ ತಾನೆ?

– ಅದ್ದಿದೋಳು ನಾನೇ. ಇದನ್ನೂ ಅದ್ದೋಣ ಅಂತಿದ್ದೆ, ಜರಿ ಕಪ್ಪಾಗತ್ತೆ ಅಂದ್ಲು ಟೈಲರಮ್ಮ. ಅದಕ್ಕೇ ಹಿತ್ತಲಲ್ಲಿ ನೆರಳಿಗೆ ಹರವಿದೀನಿ. ಆಗ್ಲೇ ಮೂರು ಸಲ ಹೋಗಿ ನೋಡಿ ಬಂದೆ.

– ಮೊದಲಿಂದ ಹೇಳು. ಭಾನುವಾರ ಚಿಕ್ಕಪೇಟೆ ಮುಚ್ಚಿರತ್ತಲ್ಲ?

– ಮುಚ್ಚಿರೋದಕ್ಕೇ ಅಲ್ವಾ ಸಂಡೆ ಬಜಾರು! ಶಟರ್ ಎಳೆದಿರೋ ಅಂಗಡಿಗಳ ಮುಂದೆ, ಬಿವಿಕೆ ಅಯ್ಯಂಗಾರ್ ರಸ್ತೆ ಪಕ್ಕದಲ್ಲಿ ಟಾರ್ಪಾಲು ಹಾಸ್ಕೊಂಡು ಕೂತಿರ್ತಾರೆ. ವಾರವೆಲ್ಲ ಹೊಸದು ಮಾರೋ ಜಾಗದಲ್ಲಿ ಒಂದು ಬೆಳಿಗ್ಗೆ ಹಳೇದರ ಪಾಳಿ. ನಲ್ಲಿ, ಸ್ಪ್ಯಾನರು, ಡ್ರಿಲ್ ಮಷೀನು, ಕಾಲು ಮುರಿದ ಕನ್ನಡಕ, ರಿಮೋಟುಗಳ ಗುಡ್ಡೆ. ಯಾವ ಟಿವಿಯ ರಿಮೋಟು ಅಂತ ಮಾರೋನಿಗೂ ಗೊತ್ತಿಲ್ಲ, ತಗೊಳ್ಳೋನಿಗೂ ಗೊತ್ತಿಲ್ಲ. ಒಬ್ಬ ಬರೀ ಎಡಗಾಲಿನ ಶೂ ಇಟ್ಕೊಂಡಿದ್ದ. ಬಲಗಾಲಿಂದು ಎಲ್ಲಪ್ಪಾ ಅಂದ್ರೆ, ‘ಬರತ್ತಮ್ಮಾ, ಮುಂದಿನ ವಾರ ಬರತ್ತೆ’ ಅಂದ.

– ನೀವು ಫ್ರೆಂಡ್ಸು ನಾಲ್ಕೂ ಜನ ಹೋಗಿದ್ರಾ?

– ನಾಲ್ಕೂ ಜನ. ಬೆಳಿಗ್ಗೆ ಮೊದಲನೇ ಮೆಟ್ರೋ ಹಿಡಿದ್ವಿ. ಟೈಲರಮ್ಮನಿಗೆ ಹಳೇ ಕಾಲದ ಕಬ್ಬಿಣದ ಕತ್ತರಿ ಬೇಕಿತ್ತು, ಈಗಿನವು ಎರಡು ತಿಂಗಳಿಗೆ ಮೊಂಡಾಗ್ತವೆ ಅಂತ. ಸಿಕ್ತು. ಅರ್ಧ ಕೇಜಿ ತೂಗತ್ತೆ. ಕೊಳ್ಳೋಕೆ ಮುಂಚೆ ಹರಿತ ಇದೆಯಾ ಅಂತ ನನ್ನ ಸೆರಗಿನ ದಾರಾನೇ ಕತ್ತರಿಸಿ ನೋಡಿದ್ಲು. ಬ್ಯಾಂಕಿನೋಳು ಒಂದು ಟ್ರಾನ್ಸಿಸ್ಟರ್ ತಗೊಂಡ್ಲು, ಮಾತಾಡಲ್ಲ ಅದು. ಡ್ರೈವರಮ್ಮ ಏನೂ ತಗೊಳ್ಳಲಿಲ್ಲ, ಎಲ್ಲರ ಚೀಲ ಹಿಡ್ಕೊಂಡು ಎಲ್ಲರ ಚೌಕಾಸಿಗೂ ತಲೆ ಹಾಕಿದ್ಲು.

– ಅದನ್ನೀಗ ಯಾರೂ ಗುಜರಿ ಅನ್ನಲ್ಲಮ್ಮ. ಪ್ರೀ-ಲವ್ಡ್ ಅಂತಾರೆ.

– ಹಾಗಂದ್ರೆ?

– ಮೊದಲೇ ಯಾರೋ ಪ್ರೀತಿಸಿದ್ದು.

– ಎರಡನೇ ಸಂಬಂಧ ಅನ್ನು ಹಾಗಾದ್ರೆ. ನಮ್ಮ ಕಡೆ ಅದನ್ನ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ.

– ತಮಾಷೆ ಮಾಡ್ಬೇಡ. ನನ್ನ ಆಫೀಸಲ್ಲಿ ಅರ್ಧ ಜನ ಹಾಗೇ ತಗೊಳ್ಳೋದು. ಹೊಸ ಬಟ್ಟೆಗೆ ಎಷ್ಟು ನೀರು ಹೋಗತ್ತೆ, ಎಷ್ಟು ಬಣ್ಣ ಹೊಳೆಗೆ ಸೇರತ್ತೆ…

– ಗೊತ್ತು, ನೀನು ವಿಡಿಯೋ ಕಳಿಸಿದ್ದೆ. ನಾನು ಹೇಳ್ತಿರೋದು ಬೇರೆ. ನಿಮಗೆ ಅದು ಆಯ್ಕೆ. ನನಗೆ ಹತ್ತು ವರ್ಷ ತುಂಬೋವರೆಗೂ ಎರಡನೇದೇ ಪಾಲಿಗೆ ಬಂದಿದ್ದು. ದೊಡ್ಡಪ್ಪನ ಮಗಳ ಲಂಗ. ಬೆಳೆಯೋ ಮಕ್ಕಳು ಅಂತ ಕೆಳಗೆ ನಾಲ್ಕು ಮಡಿಕೆ ಬಿಟ್ಟು ಹೊಲಿಸ್ತಿದ್ರು. ಅವಳು ಒಂದೊಂದು ವರ್ಷಕ್ಕೆ ಒಂದೊಂದು ಮಡಿಕೆ ಬಿಚ್ಚಿ ಹಾಕ್ಕೊಂಡು, ನಾಲ್ಕೂ ಮುಗಿದ ಮೇಲೆ ನನ್ನ ಕೈಗೆ. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸಿರಲ್ಲ ನೋಡು, ಲಂಗದ ಸುತ್ತ ಕಡುಹಸಿರು ಪಟ್ಟೆ. ಸ್ಕೂಲಲ್ಲಿ ಯಾರು ಬೇಕಾದ್ರೂ ಎಣಿಸಬಹುದಿತ್ತು, ಈ ಲಂಗ ಎಷ್ಟು ವರ್ಷದ್ದು ಅಂತ. ಒಬ್ಬಳು ಎಣಿಸಿದ್ಲು ಕೂಡಾ. ಹಳೇದನ್ನ ಹುಡುಕ್ಕೊಂಡು ಹೋಗಿ ದುಡ್ಡು ಕೊಟ್ಟು ತರೋ ಧೈರ್ಯ ಬರೋಕೆ ನನಗೆ ಅರವತ್ತೊಂದು ವರ್ಷ ಬೇಕಾಯ್ತು.

– ಇದನ್ನ ನೀನು ಯಾವತ್ತೂ ಹೇಳಿರ್ಲಿಲ್ಲ.

– ಹೇಳೋಂಥದ್ದೇನಿದೆ. ಆಗ ಎಲ್ಲರ ಮನೇಲೂ ಅದೇ. ಹಾಕ್ಕೊಂಡು ಹಾಕ್ಕೊಂಡು ಹರಿದ ಮೇಲೆ ಮಸಿಬಟ್ಟೆ. ಅದಕ್ಕೂ ಮುಂಚೆ ಪಾತ್ರೆಯೋಳು ಬಂದ್ರೆ ನಾಲ್ಕು ಸೀರೆಗೆ ಒಂದು ಸ್ಟೀಲ್ ಬೋಸಿ. ಬ್ಯಾಂಕಿನೋಳ ಧಾರವಾಡದ ಕಡೆ ಕೌದಿ ಹೊಲೀತಾರೆ, ಐದಾರು ಹಳೇ ಸೀರೆ ಒಂದರ ಮೇಲೊಂದು ಹಾಕಿ. ಅದಕ್ಕೇ ಅವಳು ಬಜಾರಿನಲ್ಲಿ ಬೆಲೆ ಕೇಳಿ ಹೌಹಾರಿದ್ಲು. ‘ಏನ್ರೀ ಇದು, ಕೌದಿಗೆ ಹಾಕೂ ಅರಿವಿಗಿ ಆರನೂರು ರೂಪಾಯಿ ಏನ್ರೀ?’ ಅಂತ ಸೀರೆ ಮಾರೋ ಹುಡುಗನ ಮುಂದೆ ನಿಂತ್ಲು. ಅವನಿಗೆ ‘ಅರಿವಿ’ ಅಂದ್ರೆ ಬಟ್ಟೆ ಅಂತ ಗೊತ್ತಿಲ್ಲ. ‘ಅರವಿಂದ್ ಮಿಲ್ ಅಲ್ಲ ಅಮ್ಮಾ, ರೇಷ್ಮೆ’ ಅಂತಾನೆ!

– ರೇಷ್ಮೆನೇನಾ?

– ಒಡಲು ರೇಷ್ಮೆ. ಒಳ್ಳೇ ಕುಂಕುಮದ ಬಣ್ಣ, ಮಡಿಕೆ ಮೇಲೆ ಸ್ವಲ್ಪ ಮಾಸಿದೆ ಅಷ್ಟೆ. ಅಂಚು ಗೇಣಗಲ, ಬಳ್ಳಿ ಬಳ್ಳಿಯಾಗಿ ಹೋಗತ್ತೆ. ಆರುನೂರು ಅಂದ, ಬೋಣಿ ಟೈಮು ಅಂದ, ನಾನು ಮುನ್ನೂರು ಅಂದೆ, ಡ್ರೈವರಮ್ಮ ನಡೀರೇ ಹೋಗೋಣ ಅಂದ್ಲು. ಅವಳು ಆ ಮಾತು ಹೇಳೋಕೇ ಬರೋದು. 350ಕ್ಕೆ ನಿಂತ್ಕೊಳ್ತು. ದುಡ್ಡು ಕೊಡೋ ಮುಂಚೆ ಟೈಲರಮ್ಮ ‘ತಾಳಿ’ ಅಂದು, ಸೀರೆ ಒಳಗಡೆ ತಿರುಗಿಸಿ, ಅಂಚಿನ ಹಿಂದೆ ಒಂದು ಎಳೆ ಎತ್ತಿದ್ಲು. ಬ್ಲೌಸಿಗೆ ಚುಚ್ಕೊಂಡಿರ್ತಾಳಲ್ಲ ಪಿನ್ನು, ಅದರ ತುದೀಲಿ ಆ ಎಳೆ ಕೆರೆದ್ಲು. ಅಸಲಿ ಜರಿ ಅಂದ್ರೆ ಒಳಗೆ ಕೆಂಪು ರೇಷ್ಮೆ ದಾರ ಇರತ್ತಂತೆ. ಅದಕ್ಕೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ನೀರು ಕುಡಿಸಿರ್ತಾರೆ. ಇದರಲ್ಲಿ ಕೆರೆದ್ರೆ ಬೆಳ್ಳಗೆ ಕಾಣ್ತು. ಮೇಲಿನ ತಂತಿಯೂ ಸ್ವಲ್ಪ ಕೆಂಪಗೆ, ತಾಮ್ರದ ಹಾಗೆ. ‘ಟೆಸ್ಟೆಡ್ ಜರಿ ಕಣ್ರೀ’ ಅಂದ್ಲು.

– ಟೆಸ್ಟೆಡ್ ಅಂದ್ರೆ ಒಳ್ಳೇದಲ್ವಾ? ಪರೀಕ್ಷೆ ಮಾಡಿದ್ದು?

– ನಾನೂ ಹಾಗೇ ಅನ್ಕೊಂಡು ಖುಷಿಪಟ್ಟೆ. ಆ ವ್ಯಾಪಾರದಲ್ಲಿ ಟೆಸ್ಟೆಡ್ ಅಂದ್ರೆ ಬೆಳ್ಳಿ ಬದಲು ತಾಮ್ರದ ತಂತಿ. ಫೇಲಾಗಿದ್ದಕ್ಕೆ ಇಟ್ಟಿರೋ ಮರ್ಯಾದೆ ಹೆಸರು.

– ಅಯ್ಯೋ. ಮೋಸ ಹೋದೆ ಅನ್ನು.

– ನಾನೂ ಅದನ್ನೇ ಅಂದೆ. ಅದಕ್ಕೆ ಅವಳೇನಂದ್ಲು ಗೊತ್ತಾ? ‘ಅಸಲಿ ಜರಿ ಆಗಿದ್ರೆ ಇದು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ರೀ. ಅಂಥ ಸೀರೆನೆಲ್ಲ ತಗೊಂಡು ಸುಟ್ಟು ಬೆಳ್ಳಿ ತೆಗೀತಾರೆ. ಇದರಲ್ಲಿ ತೆಗೆಯೋಕೆ ಏನೂ ಇಲ್ಲ, ಅದಕ್ಕೇ ಉಳ್ಕೊಂಡಿದೆ.’ ಕತ್ತರಿ ಚೀಲಕ್ಕೆ ಹಾಕ್ತಾ ಸುಮ್ನೆ ಹೇಳಿದ್ಲು. ನನಗೆ ಮಾತ್ರ ಅಲ್ಲೇ ರಸ್ತೆ ಮಧ್ಯ ನಿಂತ ಹಾಗಾಯ್ತು.

– ಯಾಕೆ?

– ಆಮೇಲೆ ಹೇಳ್ತೀನಿ. ಕೇಳು, ಸೀರೆ ಮೂಲೇಲಿ ಅಗಸರ ಗುರುತಿತ್ತು. ಎರಡು ಚುಕ್ಕಿ, ಒಂದು ಅಡ್ಡಗೆರೆ, ಕರಿಗೇರಿನ ಮಸೀದು. ಎಷ್ಟು ಒಗೆದ್ರೂ ಅದು ಹೋಗಲ್ಲ, ಅದಕ್ಕೇ ಅದನ್ನ ಹಾಕ್ತಿದ್ದಿದ್ದು. ಯಾರೋ ಒಬ್ಬ ಅಗಸನಿಗೆ ಮಾತ್ರ ಗೊತ್ತಿತ್ತು, ಎರಡು ಚುಕ್ಕಿ ಒಂದು ಗೆರೆ ಅಂದ್ರೆ ಯಾವ ಮನೆ ಅಂತ.

– ನಿನ್ನ ಪ್ರಶ್ನೆಗೆ ಉತ್ತರ ಸಿಕ್ತಲ್ಲ. ಸತ್ತೋರದ್ದೋ, ಇರೋರದ್ದೋ.

– ಸಿಕ್ಕೂ ಸಿಗ್ಲಿಲ್ಲ.

– ನಾನೊಂದು ಹೇಳ್ಲಾ? ಕಾಂಡ್ಲಾ ಬಂದರಿಗೆ ಬೇರೆ ದೇಶದಿಂದ ಹಳೇ ಬಟ್ಟೆ ಬೇಲುಗಟ್ಟಲೆ ಬರತ್ತೆ. ವಿಂಗಡಿಸಿ ಒಂದಷ್ಟನ್ನ ಮತ್ತೆ ಹೊರದೇಶಕ್ಕೇ ಕಳಿಸ್ತಾರೆ. ಉಣ್ಣೆ ಚಿಂದಿ ಅಂತ ದೇಶದೊಳಗೆ ಬರಬೇಕಾದ್ರೆ, ಯಾರೂ ತೊಡೋಕೆ ಆಗದ ಹಾಗೆ ಮೊದಲೇ ಕತ್ತರಿಸಿರಬೇಕು ಅಂತ ಕಾನೂನು. ಕೋಟು ಎಷ್ಟು ಚೆನ್ನಾಗಿದ್ರೂ ಅಷ್ಟೆ, ಸೀಳಿ ಹಾಕೋದು. ಆಮೇಲೆ ಪಾಣಿಪತ್‌ನಲ್ಲಿ ಅದನ್ನ ಪಿಂಜಿ ನೂಲು ತೆಗೆದು ಕಂಬಳಿ ಮಾಡ್ತಾರೆ. ಪ್ರವಾಹ ಭೂಕಂಪ ಆದಾಗ ಹಂಚ್ತಾರಲ್ಲ, ಅಂಥ ಕಂಬಳಿ.

– ತೊಡೋ ಹಾಗಿರೋದೇ ಅದರ ತಪ್ಪು ಅನ್ನು.

– ಹೌದು. ಸರಿ, ಆಂಧ್ರದ ಲೇಪಾಕ್ಷಿ ಎಲ್ಲಿಂದ ಬಂತು ಇದರಲ್ಲಿ?

– ಬಳೇಪೇಟೆ ಉಡುಪಿ ಶ್ರೀಕೃಷ್ಣ ಭವನದಲ್ಲಿ ಬಂತು, ಸಾಗು ಮಸಾಲೆ ದೋಸೆ ಜೊತೆ. ಟೇಬಲ್ ಮೇಲೆ ಸೀರೆ ಬಿಚ್ಬೇಡಿ, ಎಣ್ಣೆ ಆಗತ್ತೆ ಅಂತ ನಾನು ಬಡ್ಕೊಳ್ತಾ ಇದೀನಿ, ಟೈಲರಮ್ಮ ಅಂಚು ಹಿಡ್ಕೊಂಡು ‘ಇದು ಲೇಪಾಕ್ಷಿ ಡಿಸೈನು’ ಅಂದ್ಲು. ಅಲ್ಲಿ ಕಂಬದ ಮೇಲಿರೋ ಬಳ್ಳೀನ ನೇಯೋರು ಸೀರೆಗೆ ಇಳಿಸ್ಕೊಂಡಿದ್ದಂತೆ. ನೀನು ಆ ಕಂಬ ನೋಡಿದೀಯಾ ಅಂದೆ. ‘ಇಲ್ಲ, ಬ್ಲೌಸ್ ಪೀಸಲ್ಲಿ ನೋಡಿದೀನಿ’ ಅಂದ್ಲು. ಬ್ಯಾಂಕಿನೋಳು ನೋಡಿಲ್ಲ, ಡ್ರೈವರಮ್ಮ ನೋಡಿಲ್ಲ. ಆಮೇಲೆ ಮೂರೂ ಜನ ನನ್ನ ಮುಖ ನೋಡಿದ್ರು.

– ನೀನು ಸಮಾಜ ವಿಜ್ಞಾನದ ಮೇಡಮ್ಮು.

– ಮೂವತ್ತು ವರ್ಷ ಬೋರ್ಡ್ ಮೇಲೆ ಬರೆಸಿದೀನಿ ಕಣೇ. ‘ವಿಜಯನಗರ ಕಾಲದ ಭಿತ್ತಿಚಿತ್ರಗಳಿಗೆ ಒಂದು ಉದಾಹರಣೆ ಕೊಡಿ.’ ಉತ್ತರ, ಲೇಪಾಕ್ಷಿ. ಒಂದು ಅಂಕ. ಕಾಗುಣಿತ ತಪ್ಪಿದ್ರೆ ಅರ್ಧ. ಮನೆಯಿಂದ 120 ಕಿಲೋಮೀಟರು, ಒಂದು ಸಲಾನೂ ಹೋಗಿ ನೋಡಿರ್ಲಿಲ್ಲ. ಅದನ್ನ ಅವರ ಮುಂದೆ ಒಪ್ಕೊಂಡೆ. ಡ್ರೈವರಮ್ಮ ಕಾಫಿ ಲೋಟ ಕೆಳಗಿಟ್ಟು, ‘ಮೆಟ್ರೋ ಸ್ಟೇಷನ್ ಹತ್ರ ಬಿಟ್ಟಿರೋ ಕಾರಲ್ಲಿ ಪೆಟ್ರೋಲಿದೆ’ ಅಂದ್ಲು. ಅಷ್ಟೇ ಆಗಿದ್ದು.

– ಬಿಪಿ ಮಾತ್ರೆ?

– ಬ್ಯಾಂಕಿನೋಳ ಹತ್ರ ಇತ್ತು. ನಮ್ಮ ನಾಲ್ಕೂ ಜನಕ್ಕೆ ಒಂದೇ ಮಾತ್ರೆ, ಅವಳದ್ದು ಮಾತ್ರ ಡೋಸು ಜಾಸ್ತಿ. ಅರ್ಧ ಮುರ್ಕೊಂಡೆ.

– ಅಮ್ಮಾ!

– ಕೂಗಬೇಡ. ದಾರಿ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಅವಳು ಐವತ್ತೆರಡಕ್ಕೆ ಕಾರು ಕಲಿತೋಳು, ಅರವತ್ತರ ಸ್ಪೀಡು ದಾಟಲ್ಲ. ಲಾರಿಯೋರೆಲ್ಲ ಓವರ್‌ಟೇಕ್ ಮಾಡಿ, ಒಳಗೆ ಯಾರಿದಾರೆ ಅಂತ ಬಗ್ಗಿ ನೋಡಿ ಹೋಗ್ತಿದ್ರು. ಟೋಲಲ್ಲಿ ಫಾಸ್ಟ್ಯಾಗಿನಲ್ಲಿ ದುಡ್ಡಿಲ್ಲ ಅಂತ ಗೇಟೇ ಏಳಲಿಲ್ಲ. ಹಿಂದೆ ಹಾರ್ನು, ಮುಂದೆ ಬ್ಯಾಂಕಿನೋಳು ಫೋನಲ್ಲಿ ಓಟಿಪಿ ಓದ್ತಾ ಇದಾಳೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ದ್ರಾಕ್ಷಿ ಚಪ್ಪರ ಮುಗಿದು ಬಂಡೆ ಗುಡ್ಡ ಶುರುವಾಗತ್ತಲ್ಲ, ಅಲ್ಲಿಂದ ಮುಂದೆ ಚೆನ್ನಾಗಿತ್ತು. ಬಾಗೇಪಲ್ಲೀಲಿ ಟೀ ಕುಡಿದ್ವಿ, ಅಂಗಡಿಯೋನು ನಮಗೆ ಕನ್ನಡ, ಪಕ್ಕದೋನಿಗೆ ತೆಲುಗು. ಕೋಡಿಕೊಂಡ ಚೆಕ್‌ಪೋಸ್ಟ್ ಹತ್ರ ಎಡಕ್ಕೆ ತಿರುಗಿದ್ರೆ ಒಳದಾರಿ. ಊರು ಹತ್ರ ಬಂದ ಹಾಗೆ ರಸ್ತೆ ಪಕ್ಕದಲ್ಲೇ ನಂದಿ ಕೂತಿದೆ. ಒಂದೇ ಬಂಡೆ. ಕತ್ತಿನಲ್ಲಿ ಗಂಟೆಸರ, ನಾವು ಬರೋದು ಎಷ್ಟು ತಡ ಆಯ್ತು ಅನ್ನೋ ಹಾಗೆ ಮುಖ ಎತ್ಕೊಂಡು.

– ಊಟ?

– ಚಿತ್ರಾನ್ನ. ಬಿಡು, ಅದು ನೆನಪಿಡೋಂಥದ್ದಲ್ಲ. ದೇವಸ್ಥಾನ ಕೂರ್ಮಶೈಲ ಅಂತ ಆಮೆ ಬೆನ್ನಿನ ಹಾಗಿರೋ ಬಂಡೆ ಮೇಲಿದೆ. ವೀರಭದ್ರಸ್ವಾಮಿ. ಒಳಗೆ ಹೋದ ತಕ್ಷಣ ಕಾಲ ಕೆಳಗೆ ಕನ್ನಡ ಶಾಸನ. ನನಗೆ ಅಕ್ಷರ ಕೂಡಿಸೋಕೆ ಬರಲ್ಲ, ಆದ್ರೂ ಗುರುತು ಸಿಗತ್ತೆ ನೋಡು, ಸಂತೇಲಿ ನಮ್ಮೂರೋರ ಮುಖ ಕಂಡ ಹಾಗೆ. ಪೆನುಕೊಂಡೆಯಲ್ಲಿ ಅಧಿಕಾರ ಮಾಡ್ತಿದ್ದ ವಿರುಪಣ್ಣ, ವೀರಣ್ಣ ಅಂತ ಅಣ್ಣತಮ್ಮಂದಿರು ಕಟ್ಟಿಸಿದ್ದು, ಅಚ್ಯುತದೇವರಾಯನ ಕಾಲದಲ್ಲಿ. ಅಲ್ಲಿ ನಿಂತಾಗ ನನಗೆ ಹೊಳೀತು. ಅಚ್ಯುತರಾಯ ಆಳಿದ್ದು 1529ರಿಂದ 1542ರವರೆಗೆ. ಕೆಂಪೇಗೌಡ್ರು ಬೆಂಗಳೂರು ಪೇಟೆ ಕಟ್ಟಿಸಿದ್ದು 1537 ಅಂತಾರೆ. ಬೆಳಿಗ್ಗೆ ಸೀರೆ ಕೊಂಡ ಪೇಟೆ, ಮಧ್ಯಾಹ್ನ ಸೀರೆ ಹಿಡ್ಕೊಂಡು ನಿಂತ ದೇವಸ್ಥಾನ, ಎರಡೂ ಒಬ್ಬನೇ ರಾಜನ ಕಾಲದ್ದು. ಮೂವತ್ತು ವರ್ಷ ಎರಡನ್ನೂ ಬೇರೆ ಬೇರೆ ಪಾಠದಲ್ಲಿ ಮಾಡಿದೆ.

– ಸೀರೆ ಹಿಡ್ಕೊಂಡು ನಿಂತಿದ್ರಾ?

– ಮತ್ತೆ? ಕಂಬ ಹುಡುಕಬೇಕಲ್ಲ! ಹಿಂದ್ಗಡೆ ಲತಾಮಂಟಪ ಅಂತಿದೆ, ಕಂಬ ಕಂಬಕ್ಕೂ ಬೇರೆ ಬೇರೆ ವಿನ್ಯಾಸ. ಬಳ್ಳಿ, ಹೂವು, ಹಂಸ, ಜಾಲರಿ. ನಾಲ್ಕು ಮುದುಕಿಯರು ಸೀರೆ ಅಂಚು ಬಿಚ್ಚಿ ಹಿಡ್ಕೊಂಡು ಒಂದೊಂದೇ ಕಂಬಕ್ಕೆ ಒತ್ತಿ ನೋಡೋದು, ಅಲ್ಲಾ, ಮುಂದಕ್ಕೆ ನಡೀರಿ ಅನ್ನೋದು. ಮದುವೆಗೆ ಮ್ಯಾಚಿಂಗ್ ಬ್ಲೌಸ್ ಹುಡುಕೋ ಹಾಗೆ. ಕಾಲೇಜು ಹುಡುಗರು ವಿಡಿಯೋ ಮಾಡ್ಕೊಂಡ್ರು, ಎಲ್ಲಾದ್ರೂ ನೋಡಿದ್ರೆ ನಾನೇ ಅಂತ ಹೇಳ್ಬೇಡ.

– ಸಿಕ್ತಾ?

– ಹತ್ರ ಹತ್ರ ಬಂತು ಒಂದು. ಕಲ್ಲಿನ ಬಳ್ಳಿ ತಿರುವಿನಲ್ಲಿ ಐದೆಲೆ, ನನ್ನ ಸೀರೇಲಿ ಮೂರು. ಟೈಲರಮ್ಮ ಕೈ ಅಡ್ಡ ಹಿಡಿದು ಎಣಿಸಿ, ‘ಮಗ್ಗದಲ್ಲಿ ಸುಲಭ ಆಗ್ಲಿ ಅಂತ ಎರಡು ಎಲೆ ಉದುರಿಸಿದಾನೆ’ ಅಂತ ತೀರ್ಪು ಕೊಟ್ಲು. ನಾನದನ್ನ ನಂಬಿದೀನಿ.

– ಆ ಎರಡು ಎಲೆಗೆ ಡಿಸ್ಕೌಂಟ್ ಕೇಳಬೇಕಿತ್ತು.

– ಡ್ರೈವರಮ್ಮನೂ ಅದನ್ನೇ ಅಂದ್ಲು. ಪಕ್ಕದಲ್ಲೇ ಕಲ್ಯಾಣ ಮಂಟಪ, ಅರ್ಧಕ್ಕೆ ನಿಂತಿದೆ. ಕಥೆ ಏನಂದ್ರೆ ವಿರುಪಣ್ಣ ರಾಜ ಊರಲ್ಲಿ ಇಲ್ಲದಾಗ ಖಜಾನೆ ದುಡ್ಡು ತೆಗೆದು ಕಟ್ಟಿಸ್ತಿದ್ದನಂತೆ. ರಾಜ ಬಂದು ಕಣ್ಣು ಕೀಳಿಸಿ ಅಂದನಂತೆ. ಇವನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆ ಮೇಲೆ ಎರಡು ಕೆಂಪು ಕಲೆ ತೋರಿಸ್ತಾರೆ. ನಾವು ಮೂವರು ಅಯ್ಯೋ ಪಾಪ ಅಂತಿದ್ರೆ ಬ್ಯಾಂಕಿನೋಳು, ‘ಸ್ಯಾಂಕ್ಷನ್ ಇಲ್ಲದ ಖರ್ಚು ಮಾಡಿದ್ರ ಹಿಂಗ ಆಗತೈತಿ ನೋಡ್ರಿ’ ಅಂದ್ಲು. ಮೂವತ್ತೆಂಟು ವರ್ಷದ ಸರ್ವೀಸು, ಹೋಗಲ್ಲ ಅದು. ಇನ್ನೊಂದಿದೆ, ಏಳು ಹೆಡೆ ನಾಗ, ಒಂದೇ ಬಂಡೇಲಿ. ಶಿಲ್ಪಿಗಳ ಅಮ್ಮ ಮಧ್ಯಾಹ್ನದ ಅಡುಗೆ ಮುಗಿಸೋಷ್ಟರಲ್ಲಿ ಅವರು ಕೆತ್ತಿ ಮುಗಿಸಿದ್ರಂತೆ. ಅಮ್ಮ ಬಂದು ನೋಡಿ ಬೆರಗಾಗಿದ್ದೇ ದೃಷ್ಟಿ ತಾಗಿ ಕಲ್ಲು ಬಿರುಕು ಬಿಡ್ತಂತೆ. ಬಿಸಿಲಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕಿದೋಳಿಗೆ ಸಿಕ್ಕಿದ್ದು ದೃಷ್ಟಿ ಹಾಕಿದೋಳು ಅನ್ನೋ ಹೆಸರು.

– ಚಿತ್ರಗಳು?

– ಹಾಂ. ನಾಟ್ಯಮಂಟಪದ ಚಾವಣೀಲಿ. ಮೊದಲು ಏನೂ ಕಾಣಲ್ಲ, ಬಿಸಿಲಿಂದ ಒಳಗೆ ಬಂದಿರ್ತೀವಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಎದ್ದು ಬರತ್ತೆ. ಕಾವಿ ಕೆಂಪು, ಅರಿಶಿನ, ಕಪ್ಪು ಗೆರೆ. ದ್ರೌಪದಿ ಸ್ವಯಂವರ, ಕಿರಾತಾರ್ಜುನೀಯದ ಹಂದಿ, ಪಾರ್ವತಿ ಕಲ್ಯಾಣ. ಕಲ್ಯಾಣಕ್ಕೆ ಬಂದ ಹೆಂಗಸರು ಸಾಲಾಗಿ ನಿಂತಿದಾರೆ. ನಾನು ಕಥೆ ಹೇಳೋಣ ಅಂತ ಗಂಟಲು ಸರಿ ಮಾಡ್ಕೊಂಡೆ, ಯಾರಿಗೆ ಬೇಕು! ಟೈಲರಮ್ಮ ಸೀರೆ ನೋಡ್ತಿದಾಳೆ. ಒಬ್ಬಳದು ಚೌಕಳಿ, ಪಕ್ಕದೋಳದು ಅಡ್ಡಪಟ್ಟೆ, ಅವಳ ಪಕ್ಕದೋಳದು ಸಣ್ಣ ಹೂವು. ಅಂಚು ಬೇರೆ, ಸೆರಗು ಬೇರೆ, ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದಿಲ್ಲ. ಬ್ಯಾಗಿನಿಂದ ಕರೆಂಟ್ ಬಿಲ್ಲು ತೆಗೆದು ಅದರ ಹಿಂದೆ ಬರ್ಕೊಳ್ಳೋಕೆ ಶುರು ಮಾಡಿದ್ಲು. ಗಂಡಸರು ತಲೇಗೆ ಉದ್ದನೆ ಟೋಪಿ ಹಾಕ್ಕೊಂಡಿದಾರೆ, ಕುಲ್ಲಾಯಿ. ಕಟ್ಟಿಸಿದ ಅಣ್ಣತಮ್ಮಂದಿರ ತಲೇಲೂ ಅದೇ. ನಾವು ಮಕ್ಕಳಿಗೆ ಹಾಕೋ ಕುಲಾವಿ ನೆನಪಾಯ್ತು. ರಾಜರ ಆಸ್ಥಾನದ ಹೆಸರು ಈಗ ತೊಟ್ಟಿಲಲ್ಲಿದೆ.

– ಫೋಟೋ ಕಳಿಸು.

– ಎಲ್ಲ ಅಲ್ಲಾಡಿದೆ, ಕತ್ತೆತ್ತಿ ತೆಗೆದಿದ್ದು. ಟೈಲರಮ್ಮ ಬರ್ಕೊಂಡಿದ್ದೇ ಚೆನ್ನಾಗಿದೆ. ಹದಿನೇಳು ಅಂಚು ಬರ್ಕೊಂಡ್ಲು. ಬರ್ಕೊಳ್ತಾ ಬರ್ಕೊಳ್ತಾ ಕೇಳಿದ್ಲು, ‘ಅಲ್ಲಾ ರೀ, ಇವರು ಉಟ್ಟಿದ್ರಲ್ಲ ಆ ಸೀರೆ, ಅದರಲ್ಲಿ ಒಂದಾದ್ರೂ ಎಲ್ಲಾದ್ರೂ ಇದೆಯಾ?’ ಎಲ್ಲಿರತ್ತೆ? ಸುಮಾರು ಐನೂರು ವರ್ಷ. ಹುಳ ತಿಂತು, ಸುಟ್ಟು ಜರಿ ತೆಗೆದ್ರು, ಮಸಿಬಟ್ಟೆ ಆಯ್ತು. ನಿಜವಾದ ಸೀರೆಯೆಲ್ಲ ಹೋಗಿ, ಸುಣ್ಣದ ಗಾರೆ ಮೇಲೆ ಬರೆದ ಸುಳ್ಳು ಸೀರೆ ಉಳ್ಕೊಂಡಿದೆ. ಸುಟ್ರೆ ಒಂದು ಗುಲಗಂಜಿ ಬೆಳ್ಳಿ ಬರಲ್ಲ ಅದರಲ್ಲಿ.

– ಆಗ್ಲಿಂದ ನೀನು ಈ ಸುಡೋ ವಿಷಯಕ್ಕೇ ಬರ್ತಿದೀಯ.

– ಹೂಂ.

– ಹೇಳು.

– ನಿಮ್ಮಜ್ಜಿ ಧಾರೆ ಸೀರೆ ಏನಾಯ್ತು ಅಂತ ನಿನಗೆ ಹೇಳಿದೀನಿ?

– ಇಲಿ ಕಡೀತು ಅಂತ. ಟ್ರಂಕಿನಲ್ಲಿ.

– ಇಲಿ ಕಡೀಲಿಲ್ಲ. 1983ರಲ್ಲಿ ನನಗೆ ಟೀಚರ್ ಟ್ರೈನಿಂಗಿಗೆ, ಟಿಸಿಎಚ್ ಸೀಟು ಸಿಕ್ತು. ಫೀಜು ಕಟ್ಟೋಕೆ ನಾಲ್ಕು ದಿನ ಇತ್ತು. ಆ ವರ್ಷ ಕಾಯಿಗೆ ಬೆಲೆ ಇರ್ಲಿಲ್ಲ, ಅಪ್ಪ ಕೇಳಬೇಕಾದ ಕಡೆ ಎಲ್ಲ ಕೇಳಿದ್ರು. ಅಮ್ಮ ಟ್ರಂಕು ತೆಗೆದು ಸೀರೆ ಕೊಟ್ಲು. ಅರಿಶಿನದ ಒಡಲು, ಕುಂಕುಮದ ಅಂಚು. ತುಮಕೂರಿನ ಪೇಟೇಲಿ ಹಳೇ ಜರಿ ತಗೊಳ್ಳೋನೊಬ್ಬ ಇದ್ದ. ಅಪ್ಪ ನನ್ನನ್ನೂ ಕರ್ಕೊಂಡು ಹೋದ್ರು, ಅಲ್ಲಿಂದ ಹಾಗೇ ಕಾಲೇಜಿಗೆ ಹೋಗೋದು ಅಂತ. ಅವನು ಅಂಚು, ಸೆರಗು ಕತ್ತರಿಸ್ಕೊಂಡು, ಒಡಲು ಬೇಕಾ ಅಂತ ಕೇಳಿದ. ಅಪ್ಪ ಬೇಡ ಅಂದ್ರು. ಹಾಗೇ ಮನೆಗೆ ಹೇಗೆ ತಗೊಂಡು ಹೋಗೋದು ಹೇಳು. ಹಿಂದ್ಗಡೆ ತಗಡಿನ ಮೇಲೆ ಇಟ್ಟು ಸುಟ್ಟ. ರೇಷ್ಮೆ ಸುಟ್ರೆ ಕೂದಲು ಸುಟ್ಟ ವಾಸನೆನೇ. ಕಪ್ಪಗೆ ಬಲೆ ಥರ ಉಳೀತು. ಅದನ್ನ ಮೂಸೇಲಿ ಹಾಕಿ, ಬಿಳಿಗಾರ ಹಾಕಿ, ತಿದಿ ಒತ್ತಿದ. ತಣ್ಣಗಾದ ಮೇಲೆ ಅಂಗೈ ಮೇಲಿಟ್ಟು ತೋರಿಸಿದ. ಆಡೋ ಗೋಲಿಗಿಂತ ಸ್ವಲ್ಪ ದೊಡ್ಡದು.

– ಅಷ್ಟೇನಾ?

– ಅಷ್ಟೆ. ಫೀಜಿಗೆ ಆಯ್ತು, ಬಸ್ ಚಾರ್ಜಿಗೆ ಮಿಕ್ತು. ಅಸಲಿ ಜರಿ ಅಂತ ಅವತ್ತು ಎಷ್ಟು ಸಂತೋಷ ಆಗಿತ್ತು ಗೊತ್ತಾ ನನಗೆ? ಟೆಸ್ಟೆಡ್ ಆಗಿದ್ರೆ ನಾನು ಮೇಡಮ್ಮು ಆಗ್ತಿರ್ಲಿಲ್ಲ.

– ಟೆಸ್ಟೆಡ್ ಆಗಿದ್ರೆ ಸೀರೆ ಇರ್ತಿತ್ತು.

– ಇರ್ತಿತ್ತು. ಟ್ರಂಕಿನಲ್ಲಿ.

– ಇಲಿ ಅಂತ ಯಾಕಮ್ಮಾ ಹೇಳಿದೆ?

– ನಿಮ್ಮಜ್ಜಿನೇ ಹಾಗೆ ಹೇಳೋಳು, ಊರೋರಿಗೆ. ನಾನು ಮುಂದುವರಿಸಿದೆ. ಅಮ್ಮ ಹೇಳಿದ ಸುಳ್ಳು ನೋಡು, ಎಸೆಯೋಕೆ ಮನಸ್ಸು ಬರಲಿಲ್ಲ.

– ಅಮ್ಮಾ…

– ಅಳಬೇಡ, ಆಫೀಸಲ್ಲಿದೀಯ. ಇನ್ನೂ ಕಂಬದ ಕಥೆ ಹೇಳಿಲ್ಲ. ಲೇಪಾಕ್ಷಿ ಅಂದ್ರೆ ಎಲ್ಲರೂ ಅದಕ್ಕೇ ಹೋಗೋದು, ನೇತಾಡೋ ಕಂಬ. ಎಪ್ಪತ್ತರಷ್ಟು ಕಂಬದಲ್ಲಿ ಒಂದು ನೆಲಕ್ಕೆ ಪೂರ್ತಿ ತಾಗಿಲ್ಲ. ಒಂದು ಮೂಲೆ ಮಾತ್ರ ಊರಿದೆ ಅಂತಾರೆ. ಬ್ರಿಟಿಷ್ ಇಂಜಿನಿಯರ್ ಒಬ್ಬ ಅಲ್ಲಾಡಿಸೋಕೆ ಹೋಗಿದ್ದಕ್ಕೇ ಹಾಗಾಗಿದ್ದು ಅಂತ ಒಂದು ಮಾತು. ಎಲ್ಲರೂ ಅದರ ಕೆಳಗೆ ಬಟ್ಟೆ ತೂರಿಸಿ ಎಳೀತಾರೆ. ಹುಡುಗೀರದು ದುಪಟ್ಟಾ, ಗಂಡಸರದು ಕರ್ಚೀಫು. ನಮ್ಮ ಸರದಿ ಬಂದಾಗ ಡ್ರೈವರಮ್ಮ ನನ್ನ ಚೀಲದಿಂದ ಸೀರೆ ಎಳೆದೇಬಿಟ್ಲು.

– ಆ ಸೀರೇನಾ? ಹರಿದ್ರೆ?

– ನಾನೂ ಅದೇ ಕೂಗಿದೆ. ಟೈಲರಮ್ಮ, ‘ಸೆರಗು ಬೇಡ, ಜರಿ ದಪ್ಪ, ಸಿಕ್ಕಾಕ್ಕೊಳ್ಳತ್ತೆ. ಒಡಲ ಕಡೆ ಕೊಡಿ’ ಅಂತ ಮಂಡಿಯೂರಿ ಕೂತ್ಲು. ಮಂಡಿನೋವು ಅಂತ ಒಂದು ತಿಂಗಳಿಂದ ದೇವರಿಗೂ ನಿಂತೇ ಕೈಮುಗೀತಿದ್ದೋಳು. ಈ ಕಡೆಯಿಂದ ಅವಳು ಬೆರಳಲ್ಲಿ ತಳ್ಳಿದ್ಲು, ಆ ಕಡೆ ಬ್ಯಾಂಕಿನೋಳು ‘ಬಂತು ಬಂತು’ ಅಂತ ತುದಿ ಹಿಡಿದ್ಲು. ಕುಂಕುಮದ ಬಣ್ಣ ಕಲ್ಲಿನ ಕೆಳಗಿಂದ ತೆಳ್ಳಗೆ ಹರ್ಕೊಂಡು ಹೋಯ್ತು. ಸಿಕ್ಕಾಕ್ಕೊಳ್ಳಲಿಲ್ಲ. ಊರಿರೋ ಮೂಲೆ ಹತ್ರ ಮಾತ್ರ ಒಂದು ಚೂರು ಹಿಡೀತು. ಅಲ್ಲಿ ಅಗಸರ ಗುರುತಿರೋ ತುದಿ ಇತ್ತು. ಟೈಲರಮ್ಮ ಪಿನ್ನು ತೂರಿಸಿ ಬಿಡಿಸಿದ್ಲು. ಎದ್ದು ನಿಲ್ಲೋಕೆ ಮೂರು ಜನ ಬೇಕಾಯ್ತು ಅವಳಿಗೆ.

– ಮನೆಗೆ ಎಷ್ಟೊತ್ತಿಗೆ ಬಂದ್ರಿ?

– ಎಂಟೂವರೆ. ಬರೋವಾಗ ಯಾರೂ ಮಾತಾಡ್ಲಿಲ್ಲ, ಸುಸ್ತು. ಚಿಕ್ಕಬಳ್ಳಾಪುರದ ಹತ್ರ ಬ್ಯಾಂಕಿನೋಳ ಮಡಿಲಲ್ಲಿದ್ದ ಟ್ರಾನ್ಸಿಸ್ಟರು ಒಂದ್ಸಲ ಗೊರ್ ಅಂತು. ಎಲ್ಲರೂ ಹೌಹಾರಿದ್ವಿ. ಅದು ಅಷ್ಟೇ, ಮತ್ತೆ ಏನೂ ಅನ್ಲಿಲ್ಲ. ನಿಮ್ಮಪ್ಪ ಹುಳಿ ತಿಂದು ಮಲಗಿದ್ರು.

– ಅಮ್ಮಾ, ಆ ಸೀರೆ ನನಗೆ ಕೊಡ್ತೀಯಾ?

– ಎರಡನೇದು ಅಲ್ಲ ಕಣೇ, ಇನ್ನು ಮೂರನೇದಾಗತ್ತೆ.

– ಆಗ್ಲಿ.

– ಯುಗಾದಿಗೆ ಬಾ, ನೋಡೋಣ. ಫಾಲ್ ಹಾಕಿಸ್ಬೇಕು, ಟೈಲರಮ್ಮ ಬುಧವಾರ ಅಂದಿದಾಳೆ. ತಾಳು, ಕುಕ್ಕರ್ ಕೂಗ್ತಿದೆ. ಇದು ಮೂರನೇದಾ ನಾಲ್ಕನೇದಾ?

– ನಾನೆಲ್ಲಿ ಎಣಿಸಿದೆ ಅಮ್ಮಾ!

– ಹೋಗ್ಲಿ ಬಿಡು, ಬೇಳೆ ಬೆಂದಿರತ್ತೆ. ಇಡ್ಲಾ?